ಗೋಣಿಚೀಲ ತೆಗೀರಿ, ನೆರಳು ಕಟ್ಟೋಣ

ಸೋಹಾರ್, ಒಮಾನ್
21 ಮಾರ್ಚ್ 2025, ಶುಕ್ರವಾರ

ಅಪ್ಪಾಜಿ ಮತ್ತು ಅವ್ವನಿಗೆ ನಮಸ್ಕಾರಗಳು. ತಮ್ಮಾ, ನಿನಗೂ.

ನಾನು ಚೆನ್ನಾಗಿದ್ದೇನೆ. ಇಲ್ಲಿ ರಂಜಾನ್ ಉಪವಾಸ ನಡೆಯುತ್ತಿದೆ, ಹಗಲು ಊರೆಲ್ಲ ಸುಮ್ಮನಿರುತ್ತದೆ, ಸಂಜೆ ಆದ ಮೇಲೆ ಅಂಗಡಿಗಳಿಗೆ ಜೀವ ಬರುತ್ತದೆ. ನಾಯಕನಹಟ್ಟಿ ತೇರಿಗೆ ಹೋಗಿ ಕೊಬ್ಬರಿ ಸುಟ್ಟು ಬಂದೆವು ಅಂತ ಅವ್ವ ಹೇಳಿದಾಗ ತುಂಬ ಸಂತೋಷ ಆಯಿತು. ಜನವರಿಯಲ್ಲಿ ಮಾರಿಕಣಿವೆ ಡ್ಯಾಂ ಕೋಡಿ ಬಿದ್ದ ವಿಡಿಯೊ ನನ್ನ ಫೋನಲ್ಲಿ ಇನ್ನೂ ಇದೆ. ಇಲ್ಲಿಯ ಹುಡುಗರಿಗೆಲ್ಲ ತೋರಿಸಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡಿ. ಮೊನ್ನೆ ತಮ್ಮ ಹೊಲದಿಂದ ಒಂದು ಫೋಟೊ ಕಳಿಸಿದ. ಸೋಲಾರ್ ಪಂಪಿನ ಕಂಟ್ರೋಲರ್ ಪೆಟ್ಟಿಗೆಗೆ ಒದ್ದೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದೀರಿ. ಅದನ್ನು ನೋಡಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಫೋನಲ್ಲಿ ಹೇಳಿದ್ದು ಅರ್ಧ ಗಾಳಿಯಲ್ಲೇ ಹೋಗುತ್ತದೆ, ಆದರೆ ಕಾಗದ ಇದ್ದರೆ ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಗೆ ಹಿಡಿದುಕೊಂಡು ಹೋಗಿ ತೋರಿಸಬಹುದು. ನನ್ನ ರೂಮಿನಲ್ಲಿರುವ ದಾವಣಗೆರೆಯವನು ನಾಳಿದ್ದು ಊರಿಗೆ ಹೊರಟಿದ್ದಾನೆ. ಇದನ್ನು ಅವನ ಕೈಲಿ ಕಳಿಸುತ್ತಿದ್ದೇನೆ.

ಮೊದಲು ಒಂದೇ ಮಾತು. ಕಾಗದ ಓದಿದ ದಿನವೇ ಆ ಗೋಣಿಚೀಲ ತೆಗೆಯಿರಿ. ಬೆಳಗ್ಗೆ ಬಿಸಿಲೇರುವ ಮುಂಚೆ, ಪಂಪ್ ನಿಂತಿರುವಾಗ, ಚೀಲ ಒಣಗಿರುವಾಗ ತೆಗೆಯಿರಿ.

ಅಪ್ಪಾಜಿ, ನೀವು ಯೋಚಿಸಿದ್ದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿದರೆ ತಣ್ಣಗಾಗುತ್ತದೆ, ಇದಕ್ಕೂ ಹಾಗೇ ಆಗಲಿ ಅಂತ ಮಾಡಿದ್ದೀರಿ. ಆದರೆ ಗಡಿಗೆಯ ಒಳಗೆ ಬೆಂಕಿ ಇಲ್ಲ. ಈ ಪೆಟ್ಟಿಗೆ ಓಡುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಅದರ ಹಿಂದೆ ಬಾಚಣಿಗೆ ಹಲ್ಲಿನ ಹಾಗೆ ಅಲ್ಯೂಮಿನಿಯಂ ಪಟ್ಟಿಗಳಿವೆ, ನೋಡಿರಬಹುದು. ಒಳಗಿನ ಬಿಸಿ ಹೊರಗೆ ಹೋಗುವ ದಾರಿಯೇ ಅದು. ಗೋಣಿಚೀಲ ಆ ದಾರಿಯನ್ನೇ ಮುಚ್ಚಿಬಿಟ್ಟಿದೆ. ಮೇಲೆ ನೀರು ಬೇರೆ. ಪ್ಯಾನಲ್‌ಗಳಿಂದ ಆ ಪೆಟ್ಟಿಗೆಗೆ ಬರುವ ಡಿಸಿ ಕರೆಂಟು ನೂರಾರು ವೋಲ್ಟ್ ಇರುತ್ತದೆ. ಮೋಟಾರ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನಲ್ ವೈರಿನಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೇ ಪೆಟ್ಟಿಗೆಯ ಬಾಗಿಲು ನೀವು ಯಾರೂ ತೆಗೆಯಬೇಡಿ, ವೈರ್ ಎಳೆದು ಬೇರೆ ಕಡೆ ಕೂರಿಸುವುದಕ್ಕೂ ಹೋಗಬೇಡಿ. ಅದು ಮೆಕ್ಯಾನಿಕ್ ಕೆಲಸ. ನಾವು ಮಾಡಬೇಕಾದದ್ದು ಅದನ್ನು ಮುಟ್ಟದೆ ಅದಕ್ಕೊಂದು ನೆರಳು.

ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಪಂಪ್ ನಿಂತು ಮೂರು, ಮೂರೂವರೆಗೆ ಮತ್ತೆ ತಾನೇ ಶುರುವಾಗುತ್ತದೆ ಅಂದಿರಲ್ಲ, ಅದು ಬಿಸಿಗೇ ಇರಬೇಕು. ಒಳಗೆ ಬಿಸಿ ಮಿತಿ ಮೀರಿದರೆ ಕಂಟ್ರೋಲರ್ ಮೊದಲು ಮೋಟಾರಿನ ವೇಗ ಇಳಿಸುತ್ತದೆ, ಆಮೇಲೂ ತಡೆಯದಿದ್ದರೆ ನಿಲ್ಲಿಸುತ್ತದೆ. ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕೆ ಹಾಗೆ ಮಾಡುತ್ತದೆ. ದಾಳಿಂಬೆಗೆ ನೀರು ಬೇಕಾದ ಹೊತ್ತಿಗೇ ನಿಲ್ಲುತ್ತದೆ ಅಂತ ಅಪ್ಪಾಜಿಗೆ ಸಂಕಟ, ಅದು ನನಗೂ ಅರ್ಥ ಆಗುತ್ತದೆ. ಹೋದ ಏಪ್ರಿಲ್‌ನಲ್ಲಿ ಒಂದು ಸಲ ಬೋರ್ಡೇ ಸುಟ್ಟು ಹೊಸದು ಹಾಕಿಸುವುದಕ್ಕೆ ಹದಿನೆಂಟು ದಿನ ಕಾದಿರಿ. ಕೂರಿಸಲು ಬಂದವರು ಪ್ಯಾನಲ್ ಸಾಲಿನ ಪಡುವಣ ತುದಿಯಾಚೆ ಒಂದು ಕಂಬ ನೆಟ್ಟು, ಪೆಟ್ಟಿಗೆಯ ಮುಖ ಪಶ್ಚಿಮಕ್ಕೆ ಮಾಡಿ ಹೋದರು. ಬೆಳಗ್ಗೆ ಪ್ಯಾನಲ್ ನೆರಳು ಬೀಳುತ್ತದೆ, ಸರಿ. ಹನ್ನೆರಡಾದ ಮೇಲೆ ಸಂಜೆ ತನಕ ಪೂರ್ತಿ ಬಿಸಿಲು ಆ ಮುಖಕ್ಕೇ ಹೊಡೆಯುತ್ತದೆ. ಅದೇ ಪೆಟ್ಟಿಗೆಯನ್ನು ಪ್ಯಾನಲ್ ಅಡಿಯಲ್ಲಿ ಕೂರಿಸಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ. ನೆನೆದರೆ ಈಗಲೂ ಬೇಜಾರಾಗುತ್ತದೆ.

ಬಿಸಿ ಯಾಕೆ ಅಷ್ಟು ಕೆಟ್ಟದ್ದು ಅಂದರೆ, ಬೋರ್ಡಿನ ಮೇಲೆ ಸಣ್ಣ ಡಬ್ಬಿ ಥರ ಕೆಪಾಸಿಟರ್‌ಗಳಿರುತ್ತವೆ. ಅದರ ಒಳಗೆ ಸ್ವಲ್ಪ ದ್ರವ ಇರುತ್ತದೆ. ಬಿಸಿಗೆ ಅದು ನಿಧಾನವಾಗಿ ಆರುತ್ತದೆ. ಹತ್ತು ಡಿಗ್ರಿ ಬಿಸಿ ಜಾಸ್ತಿ ಆದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದವರೆಲ್ಲ ಇಟ್ಟುಕೊಂಡ ಲೆಕ್ಕ. ಹತ್ತು ವರ್ಷ ಬರಬೇಕಾದದ್ದು ಐದಕ್ಕೆ ಹೋಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ನೆರಳಲ್ಲೇ 38, 39 ಡಿಗ್ರಿ ಇರುತ್ತದೆ. ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯ ಒಳಗೆ ಇನ್ನೆಷ್ಟಿರಬೇಕು!

ಇಲ್ಲಿ ನಮ್ಮ ಕೆಲಸವೆಲ್ಲ ಬಯಲಲ್ಲೇ. ರಸ್ತೆ ಸರ್ವೆ. ಒಂದು ಯಂತ್ರವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಅಳತೆ ಹಿಡಿಯುತ್ತೇವೆ. ಬಂದ ಹೊಸದರಲ್ಲಿ ನಾನು ಗಮನಿಸಿದ ಮೊದಲ ವಿಷಯ, ಯಂತ್ರದ ಪಕ್ಕ ಒಬ್ಬ ದೊಡ್ಡ ಛತ್ರಿ ಹಿಡಿದು ನಿಂತಿರುತ್ತಾನೆ. ಛತ್ರಿ ಅವನಿಗಲ್ಲ, ಯಂತ್ರಕ್ಕೆ. ಗಾರೆಯವರ ರಸಮಟ್ಟದ ಹಾಗೆ ಅದರಲ್ಲೂ ಒಂದು ಗುಳ್ಳೆ ಇರುತ್ತದೆ. ಒಂದು ದಿನ ಛತ್ರಿಯವನು ನೀರು ಕುಡಿಯಲು ಹೋದ. ನಾನು ಗುಳ್ಳೆಯನ್ನೇ ನೋಡುತ್ತಾ ನಿಂತೆ. ಯಾರೂ ಮುಟ್ಟಲಿಲ್ಲ, ಗಾಳಿಯೂ ಇರಲಿಲ್ಲ. ಆದರೂ ಗುಳ್ಳೆ ಬಿಸಿಲು ಬಿದ್ದ ಕಡೆಗೆ ಮೆಲ್ಲಗೆ ಜರುಗಿತು, ಅಕ್ಕಿಕಾಳಿನಷ್ಟು. ಅವನು ಬಂದು ಛತ್ರಿ ಹಿಡಿದ ಸ್ವಲ್ಪ ಹೊತ್ತಿಗೆ ಮತ್ತೆ ನಡುವಿಗೆ ಬಂತು. ಬಿಸಿಲಿಗೆ ಇಷ್ಟು ಶಕ್ತಿ ಇದೆಯಾ ಅಂತ ಅವತ್ತು ನನಗೆ ಕಣ್ಣಾರೆ ಗೊತ್ತಾಯಿತು.

ಕೈಯಲ್ಲಿ ಹಿಡಿಯುವ ಟ್ಯಾಬ್‌ನ ಸ್ಕ್ರೀನ್ ಜುಲೈನಲ್ಲಿ ಒಮ್ಮೊಮ್ಮೆ ಪೂರ್ತಿ ಕಪ್ಪಾಗುತ್ತದೆ. ಕೆಟ್ಟಿರುವುದಿಲ್ಲ, ಕಾದಿರುತ್ತದೆ. ನೆರಳಿಗೆ ತಂದರೆ ಅಕ್ಷರ ಮತ್ತೆ ಕಾಣುತ್ತದೆ. ಅದಕ್ಕೆ ಬಟ್ಟೆಯ ಕೊಪ್ಪೆ ಹಾಕಿಕೊಂಡಿದ್ದೇವೆ, ನಮ್ಮ ಕುರಿಗಾಹಿಗಳು ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಥೇಟ್ ಹಾಗೇ. ಮುಂದೆ ಎಳೆಯಬಹುದು, ಹಿಂದೆ ಮಡಚಬಹುದು, ಸೂರ್ಯ ಯಾವ ಕಡೆ ಇದ್ದಾನೋ ಆ ಕಡೆಯ ಕಿವಿ ಇಳಿಬಿಡಬಹುದು. ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನೇ ಇದೆ. ನಮಗೆ ಆಗ ಬಿಡುವು ಸಿಗುತ್ತದೆ. ಹೊಲದ ಪೆಟ್ಟಿಗೆಗೆ ಬಿಡುವಿಲ್ಲ, ಅದು ಅಲ್ಲೇ ನಿಂತಿರಬೇಕು.

ನೆರಳು ಅಂದ ಕೂಡಲೇ ಒಂದು ತಗಡು ಹೊದಿಸಿ ಕೈ ತೊಳೆದುಕೊಳ್ಳಬೇಡ ತಮ್ಮಾ. ನಮ್ಮ ಊರಿನ ಸೂರ್ಯ ಬೇರೆ. ಭೂಪಟದಲ್ಲಿ ಸೋಹಾರ್ 24 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಮೇಲಿದೆ. ಸೂರ್ಯ ಉತ್ತರಕ್ಕೆ ಬರುವುದು 23.4 ಡಿಗ್ರಿ ತನಕ ಮಾತ್ರ. ಅದಕ್ಕೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ತೆಂಕಣಕ್ಕೇ ಇರುತ್ತಾನೆ. ನಮ್ಮ ಊರು ಇರುವುದು 14 ಡಿಗ್ರಿ ಚಿಲ್ಲರೆಯಲ್ಲಿ. ಏಪ್ರಿಲ್ ಕೊನೆಯ ವಾರ ಅವನು ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ, ಹನ್ನೆರಡೂವರೆಗೆ ಸ್ವಲ್ಪ ಮುಂಚೆ ಕಣದಲ್ಲಿ ಒಂದು ಕೋಲು ನೆಟ್ಟು ನೋಡು, ನೆರಳೇ ಇರುವುದಿಲ್ಲ. ಅಲ್ಲಿಂದ ಮುಂದೆ ಅವನು ಉತ್ತರದ ಕಡೆಗೆ ದಾಟುತ್ತಾನೆ. ಆಗಸ್ಟ್ ಮಧ್ಯಕ್ಕೆ ಮತ್ತೆ ನೆತ್ತಿಗೆ ಬಂದು ತೆಂಕಣಕ್ಕೆ ಇಳಿಯುತ್ತಾನೆ. ಸಂಜೆಯ ಸೂರ್ಯ ಇನ್ನೂ ಜಾಸ್ತಿ ಓಡಾಡುತ್ತಾನೆ. ಜೂನ್‌ನಲ್ಲಿ ಮುಳುಗುವುದು ಪಶ್ಚಿಮಕ್ಕಿಂತ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಒಂದೇ ಕಡೆ ಬಿಗಿದ ತಗಡು ವರ್ಷದಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿ, ಉಳಿದ ದಿನ ಸುಮ್ನೆ ನಿಂತಿರುತ್ತದೆ. ಅದಕ್ಕೇ ನೆರಳು ಜರುಗಬೇಕು, ತಿರುಗಬೇಕು.

ದಾವಣಗೆರೆಯಲ್ಲಿ ಅಕ್ಕನ ಮನೆ ಗೇಟಿನ ಕ್ಯಾಮೆರಾ ನೋಡಿದ್ದೀಯಲ್ಲ? ಅದರ ಮೇಲೆ ಪುಟ್ಟ ಟೋಪಿ ಇದೆ. ಸ್ಕ್ರೂ ಸಡಿಲ ಮಾಡಿದರೆ ಹಿಂದೆ ಮುಂದೆ ಜಾರುತ್ತದೆ. ನಮ್ಮ ಚಾವಣಿಯೂ ಹಾಗೇ ಇರಲಿ. (ಅಕ್ಕನಿಗೂ ಹೇಳು, ಸಂಜೆ ಹೊತ್ತು ಚಿತ್ರ ಬೆಳ್ಳಗಾಗುತ್ತದೆ ಅನ್ನುತ್ತಿದ್ದಳು, ಆ ಟೋಪಿಯನ್ನು ಒಂದಿಂಚು ಮುಂದೆ ತಂದು ನೋಡಲಿ.)

ವೆಲ್ಡಿಂಗ್‌ನವರಿಗೆ ಹೀಗೆ ಹೇಳು. ಪೆಟ್ಟಿಗೆಯ ಕಂಬ ಮುಟ್ಟಬಾರದು, ಅದರ ಪಕ್ಕ ಒಂದೂವರೆ ಇಂಚಿನ ಜಿಐ ಪೈಪು ಬೇರೆ ನೆಡಬೇಕು, ಎರಡು ಅಡಿ ಗುಂಡಿ ತೆಗೆದು ಕಾಂಕ್ರೀಟ್ ಹಾಕಿ. ಗುಂಡಿ ತೆಗೆಯುವ ಮುಂಚೆ ವೈರ್ ನೆಲದಲ್ಲಿ ಎಲ್ಲಿ ಹೋಗಿದೆ ಅಂತ ನೋಡಿಕೋ. ಪೈಪಿನ ತಲೆಯ ಮೇಲೆ ಮೂರು ಅಡಿ ಚೌಕದ ಫ್ರೇಮು. ಫ್ರೇಮಿನ ಕೆಳಗೆ ಉದ್ದ ಸೀಳು ಬಿಟ್ಟ ಎರಡು ಪಟ್ಟಿ ಇರಲಿ, ಬೋಲ್ಟ್ ಸಡಿಲಿಸಿ ಇಡೀ ಫ್ರೇಮನ್ನು ಒಂದಡಿಯಷ್ಟು ತೆಂಕಣಕ್ಕೋ ಬಡಗಣಕ್ಕೋ ಜರುಗಿಸುವ ಹಾಗೆ. ಪೆಟ್ಟಿಗೆ ಒಂದೂವರೆ ಅಡಿ ಎತ್ತರ ಇದೆ, ಅದರ ಮೇಲೆ ಚಾವಣಿಗೆ ಒಂದು ಗೇಣು ಅಂತರ ಬಿಡುತ್ತೇವೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ತೆಂಕಣದಲ್ಲಿ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಲೆಕ್ಕದಲ್ಲಿ ಚಾವಣಿ ಪೆಟ್ಟಿಗೆಯಿಂದ ತೆಂಕಣಕ್ಕೆ ಇಪ್ಪತ್ತೊಂದು ಇಂಚು ಚಾಚಿದರೆ ಬುಡದ ತನಕ ನೆರಳು ಸಿಗುತ್ತದೆ. ಜೂನ್‌ನಲ್ಲಿ ಉತ್ತರಕ್ಕೆ ಐದು ಇಂಚು ಸಾಕು.

ಚಾವಣಿ ಎರಡು ಪದರ ಇರಲೇಬೇಕು. ಇದನ್ನು ಬಿಡಬೇಡ. ಮೇಲೆ ಬಿಳಿ ಪೇಂಟ್ ಹೊಡೆದ ತಗಡು, ನಾಲ್ಕು ಬೆರಳು ಜಾಗ ಬಿಟ್ಟು ಕೆಳಗೆ ಇನ್ನೊಂದು ತಗಡು. ಮೇಲಿನದು ಕಾದರೂ ನಡುವೆ ಗಾಳಿ ಆಡುತ್ತದೆ, ಕೆಳಗಿನದಕ್ಕೆ ಬಿಸಿ ಇಳಿಯುವುದಿಲ್ಲ. ಹವಾಮಾನ ಕೇಂದ್ರದಲ್ಲಿ ಥರ್ಮಾಮೀಟರ್ ಇಡುವ ಬಿಳಿ ಮರದ ಗೂಡು ಪಠ್ಯಪುಸ್ತಕದಲ್ಲಿ ನೋಡಿದ್ದೀಯಲ್ಲ, ಅದರ ಗೋಡೆಯ ಪಟ್ಟಿಗಳೂ ಎರಡು ಪದರ, ನಡುವೆ ಗಾಳಿ. ಪೆಟ್ಟಿಗೆಗೂ ಕೆಳಗಿನ ತಗಡಿಗೂ ಒಂದು ಗೇಣು ಅಂತರ ಇರಲಿ. ಸುತ್ತ ಎಲ್ಲೂ ಮುಚ್ಚಬೇಡ.

ಇನ್ನು ಪಡುವಣ ಮಗ್ಗುಲು. ಸಂಜೆ ನಾಲ್ಕೂವರೆಗೆ ಬಿಸಿಲು ಎಷ್ಟು ಓರೆಯಾಗಿ ಬರುತ್ತದೆ ಅಂದರೆ ಅದನ್ನು ಚಾವಣಿಯಿಂದ ತಡೆಯಲು ಮೂರೂವರೆ ಅಡಿಗಿಂತ ಜಾಸ್ತಿ ಮುಂದೆ ಚಾಚಬೇಕಾಗುತ್ತದೆ. ಅಷ್ಟು ಚಾಚಿದರೆ ಗಾಳಿಗೆ ಹಾರುತ್ತದೆ. ಅದರ ಬದಲು ಪೈಪಿಗೇ ಎರಡು ಬಳೆ ಹಾಕಿಸಿ ಒಂದು ರೆಕ್ಕೆ ಮಾಡಿಸು, ಬಾಗಿಲಿನ ಹಾಗೆ ತಿರುಗಬೇಕು. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಚೌಕಟ್ಟು. ಅದಕ್ಕೆ ತಗಡು ಬೇಡ, ನರ್ಸರಿಗೆ ಕಟ್ಟುವ ಶೇಡ್ ನೆಟ್ಟು, 75 ಪರ್ಸೆಂಟಿನದು, ಎರಡು ಮಡಿಕೆ ಮಾಡಿ ಬಿಗಿ. ನಮ್ಮ ಕಡೆ ಆಷಾಢದ ಗಾಳಿ ನಿನಗೆ ಹೇಳಬೇಕಾ? ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ತಗಡಾದರೆ ಹಾಯಿಯ ಹಾಗೆ ಎಳೆದು ಪೈಪನ್ನೇ ಬಗ್ಗಿಸುತ್ತದೆ, ನೆಟ್ಟಾದರೆ ಗಾಳಿ ತೂರಿಹೋಗುತ್ತದೆ. ಬಳೆಗಳಿಗೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಹಾಕು. ಸ್ಪ್ಯಾನರ್ ಬೇಕು ಅಂದರೆ ಅಪ್ಪಾಜಿ ಒಂದು ಸಲ ತಿರುಗಿಸಿ ಮತ್ತೆ ಆ ಕಡೆ ಹೋಗುವುದಿಲ್ಲ. ಇಲ್ಲಿಂದ ತುಕ್ಕು ಹಿಡಿಯದ ಸ್ಟೀಲಿನ ಹನ್ನೆರಡು ನಟ್ಟು ಕಳಿಸಿದ್ದೇನೆ, ಖರ್ಜೂರದ ಡಬ್ಬಿಯ ಒಳಗೆ ಪೊಟ್ಟಣ ಇದೆ.

ಪೈಪಿನ ಮೇಲೆ ಪೇಂಟಿನಲ್ಲಿ ಮೂರು ಗುರುತು ಹಾಕು. ಈಗ ಯುಗಾದಿಗೆ ರೆಕ್ಕೆ ನೇರ ಪಶ್ಚಿಮಕ್ಕೆ. ಬಸವ ಜಯಂತಿ ಹೊತ್ತಿಗೆ ಅದನ್ನು ವಾಯವ್ಯಕ್ಕೆ ತಿರುಗಿಸಿ ಚಾವಣಿಯನ್ನು ಉತ್ತರಕ್ಕೆ ಜರುಗಿಸು. ಆಗಸ್ಟ್ ಕಳೆದ ಮೇಲೆ ಮತ್ತೆ ಪಶ್ಚಿಮಕ್ಕೆ. ದೀಪಾವಳಿಗೆ ನೈಋತ್ಯಕ್ಕೆ ತಿರುಗಿಸಿ, ಚಾವಣಿ ತೆಂಕಣಕ್ಕೆ. ವರ್ಷಕ್ಕೆ ನಾಲ್ಕು ಸಲ ಕೈ ಹಾಕಿದರೆ ಆಯಿತು, ಅದೂ ಹಬ್ಬದ ಲೆಕ್ಕದಲ್ಲಿ ಅಪ್ಪಾಜಿಗೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಈ ಚಾವಣಿಯ ನೆರಳು ಪ್ಯಾನಲ್ ಮೇಲೆ ಬೀಳಬಾರದು. ಒಂದೇ ಪ್ಯಾನಲ್‌ನ ಮೂಲೆಗೆ ನೆರಳು ಬಿದ್ದರೂ ಆ ಸಾಲಿನದೆಲ್ಲ ಕರೆಂಟು ಇಳಿಯಬಹುದು, ಯಾಕೆಂದರೆ ಅವೆಲ್ಲ ಸರಪಳಿಯ ಹಾಗೆ ಒಂದಕ್ಕೊಂದು ಸೇರಿವೆ. ಅದಕ್ಕೆ ಚಾವಣಿಯ ಮೇಲ್ತುದಿ ಪ್ಯಾನಲ್‌ನ ಕೆಳಗಿನ ಅಂಚಿಗಿಂತ ಒಂದು ಗೇಣು ತಗ್ಗಿನಲ್ಲೇ ಇರಲಿ. ಕಟ್ಟಿದ ಮೇಲೆ ಮಧ್ಯಾಹ್ನ, ಸಂಜೆ ಎರಡು ಹೊತ್ತೂ ನಿಂತು ನೋಡು.

ಅವ್ವ, ನಿನ್ನ ಮೊಬೈಲ್ ಕಿಟಕಿ ಮೇಲೆ ಬಿಸಿಲಲ್ಲಿ ಚಾರ್ಜಿಗೆ ಹಾಕಬೇಡ. 45 ಡಿಗ್ರಿ ದಾಟಿದ ಬ್ಯಾಟರಿಗೆ ಚಾರ್ಜ್ ಹಾಕಿದರೆ ಅದು ಬೇಗ ಹಾಳಾಗುತ್ತದೆ, ಉಬ್ಬಿಕೊಳ್ಳಲೂಬಹುದು. ಒಳಗೆ ಅಡುಗೆಮನೆ ಪಕ್ಕದ ಗೂಡಿನಲ್ಲಿ ಇಡು, ಅಲ್ಲಿ ಸಿಗ್ನಲ್ ಕೂಡ ಸಿಗುತ್ತದೆ.

ತಗಡು, ಪೈಪು, ಕೂಲಿ ಎಷ್ಟಾಗುತ್ತದೆ ಅಂತ ಕೇಳಿ ಫೋನ್ ಮಾಡು ತಮ್ಮಾ, ದುಡ್ಡು ನಾನು ಕಳಿಸುತ್ತೇನೆ. ಶೇಂಗಾ ಮಾರಿದ ದುಡ್ಡಿಗೆ ಕೈ ಹಾಕಬೇಡಿ. ಏಪ್ರಿಲ್ ಹತ್ತರ ಒಳಗೆ ನಿಂತರೆ ಒಳ್ಳೆಯದು, ಆಮೇಲೆ ಬಿಸಿಲು ಕೈಗೆ ಸಿಗುವುದಿಲ್ಲ. ನಿಲ್ಲಿಸಿದ ದಿನ ಮಧ್ಯಾಹ್ನ ಎರಡು ಗಂಟೆಗೆ ಪೆಟ್ಟಿಗೆಯ ಬಾಗಿಲ ಮೇಲೆ ಅಂಗೈ ಹಿಂಬದಿ ತಾಗಿಸಿ ನೋಡು, ಪಂಪ್ ಓಡುವ ಸದ್ದೂ ಕೇಳುವ ಹಾಗೆ ಒಂದು ವಿಡಿಯೊ ಕಳಿಸು. ಹಿಂದಿನ ಹಾಳೆಯಲ್ಲಿ ಚಿತ್ರ ಬರೆದು ಅಳತೆ ಹಾಕಿದ್ದೇನೆ.

ಎಲ್ಲರಿಗೂ ಯುಗಾದಿ ಶುಭಾಶಯಗಳು. ಹೋಳಿಗೆ ಮಾಡಿದಾಗ ಅಕ್ಕನ ಮಕ್ಕಳನ್ನು ಕರೆಸಿಕೋ ಅವ್ವ.

ಇಂತಿ ನಿಮ್ಮ ಮಗ