ಡಿಸ್ಕ್ ಬ್ರೇಕ್ ರೋಟರ್: ಶನಿವಾರದೊಳಗ ಅಳತಿ ಕಳಸ್ರಿ

ಎಲ್ಲಾರಿಗೂ ನಮಸ್ಕಾರ್ರೀ.

ಡಿಸ್ಕ್ ಬ್ರೇಕ್ ಸೈಕಲ್ ಇದ್ದವ್ರಿಗಷ್ಟ ಈ ಮೆಸೇಜ್. ರೋಟರ್ (ಗಾಲಿ ಜೋಡಿ ತಿರುಗೋ ಬ್ರೇಕಿನ ತಟ್ಟಿ) ಕೂಡಿ ತರಿಸೋಣ ಅಂತ ಮಾತಾಗಿತ್ತಲ್ಲ, ಬೇಕಾದವ್ರು ಶನಿವಾರ ರಾತ್ರಿ 8ರೊಳಗ ಹೇಳ್ರಿ.

ಮೊದಲ ಹಬ್ (ಗಾಲಿಯ ನಡುವಿನ ಭಾಗ) ನೋಡ್ರಿ. ಸುತ್ತ ಆರು ಬೋಲ್ಟ್ ಇದ್ರ ಸಿಕ್ಸ್ ಬೋಲ್ಟ್, ನಡುವ ಒಂದ ಲಾಕ್‌ರಿಂಗ್ ಇದ್ರ ಸೆಂಟರ್‌ಲಾಕ್. ತಿಳೀಲಿಲ್ಲಂದ್ರ ಫೋಟೋ ಹಾಕ್ರಿ. ಆಮ್ಯಾಲ ಸೈಜ್: 140, 160, 180, 203 ಮಿ.ಮೀ. ಇರ್ತಾವ, ಅಂಚಿನಿಂದ ಅಂಚಿಗೆ ಸ್ಕೇಲ್ ಹಿಡಿದ್ರ ಗೊತ್ತಾಗ್ತೈತಿ.

ನೃಪತುಂಗ ಬೆಟ್ಟ ಇಳಿಯೂವಾಗ ಬ್ರೇಕ್ ಹಿಡೀವಲ್ದು ಅಂತ ಕೆಲವ್ರು 160 ಬಿಟ್ಟು 180 ಕೇಳಾಕತ್ತಾರ. ದೊಡ್ಡದು ಗಟ್ಟಿ ಹಿಡೀತೈತಿ, ಲಗೂನ ಕಾಯಂಗಿಲ್ಲ, ಖರೆ. ಆದ್ರ ರೋಟರ್ ಒತ್ತಿ ಹಿಡಿಯೋ ಕ್ಯಾಲಿಪರ್‌ಗೆ ಅಡಾಪ್ಟರ್ ಬೇಕು, ಮುಂದಿನ ಗಾಲಿ ಹಿಡಿದಿರೋ ಫೋರ್ಕ್ ಎಷ್ಟು ಸೈಜ್ ತನಕ ತಾಳ್ತೈತಿ ಅನ್ನೋದನ್ನ ಕಂಪನಿ ಪುಸ್ತಕದಾಗ ನೋಡಬೇಕು. ನನ್ನ ಕೇಳಿದ್ರ ಈಗ ಇದ್ದ ಸೈಜೇ ತರಿಸ್ರಿ. ಎಷ್ಟೋ ಸಲ ತಪ್ಪು ರೋಟರ್‌ದಲ್ಲ, ಚೈನಿಗೆ ಹೊಡೆದ ಎಣ್ಣಿ ಪ್ಯಾಡಿಗೆ (ರೋಟರಿಗೆ ಒತ್ತೋ ತುಂಡಿಗೆ) ಹತ್ತಿರ್ತೈತಿ!

ಶಿಮಾನೋ ಕಂಪನಿ ರೋಟರ್ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕ ಇಳಿದ್ರ ಬದಲಿಸಲೇಬೇಕು. ದಪ್ಪ ಅಳಿಯೋ ವರ್ನಿಯರ್ ಇಲ್ಲದವ್ರು ಶುಕ್ರವಾರ ಸಂಜಿ 6ಕ್ಕ ಉಣಕಲ್ ಕೆರಿ ಹತ್ರ ಸೈಕಲ್ ತರ್ರಿ, ಅಳೆದು ಕೊಡ್ತೀನಿ. 'ರೆಸಿನ್ ಪ್ಯಾಡ್ ಓನ್ಲಿ' ಅಂತ ಅಚ್ಚಿದ್ದ ರೋಟರಿಗೆ ಮೆಟಲ್ ಪ್ಯಾಡ್ ನಡಿಯಂಗಿಲ್ಲ, ಲಗೂ ಸವೀತೈತಿ. ಅದಕ್ಕ ಪ್ಯಾಡ್ ಯಾವುದು ಅನ್ನೋದೂ ಬರೀರಿ.

ಉತ್ತರ ಹಿಂಗಿರ್ಲಿ: "ಸಿಕ್ಸ್ ಬೋಲ್ಟ್, ಮುಂದ 180, ಹಿಂದ 160, ರೆಸಿನ್". ಬರೇ ಹೆಬ್ಬೆಟ್ಟು ಒತ್ತಿ ಸುಮ್ಮನಾಗಬ್ಯಾಡ್ರಿ, ಅದರಾಗ ಅಳತಿ ಕಾಣಂಗಿಲ್ಲ. ರೊಕ್ಕ ಈಗ ಬ್ಯಾಡ, ರೇಟ್ ಗೊತ್ತಾದ ಮ್ಯಾಲ ಹೇಳ್ತೀನಿ.