ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಉಪನ್ಯಾಸಗಳಿಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆ ಸಿಕ್ಕ ದಿನವೇ ದಯವಿಟ್ಟು ಗುಂಪಿಗೆ ಹಾಕಿ. ಕಾರ್ಯಕ್ರಮದ ದಿನ ಬೆಳಿಗ್ಗೆ ಹಾಕಿದರೆ ಮಂಡ್ಯ, ಶ್ರೀರಂಗಪಟ್ಟಣದವರು ಬಸ್ಸು ಹಿಡಿದು ಬರುವುದು ಹೇಗೆ? ಹೋದ ಸಲ ನಾನು ತಲುಪುವಷ್ಟರಲ್ಲಿ ವಂದನಾರ್ಪಣೆ ನಡೆಯುತ್ತಿತ್ತು. ತುಂಬಾ ಬೇಜಾರಾಯಿತು.

ಜಾಗದ ಹೆಸರು ಸರಿಯಾಗಿ ಓದಿಕೊಳ್ಳಿ. ಸೆನೆಟ್ ಭವನ, ರಾಣಿ ಬಹದ್ದೂರ್ ಸಭಾಂಗಣ, ವಿಜ್ಞಾನ ಭವನ ಎಲ್ಲ ಬೇರೆ ಬೇರೆ. ಕ್ರಾಫರ್ಡ್ ಹಾಲ್ ಆಡಳಿತ ಕಚೇರಿ, ಅಲ್ಲಿಗೆ ಹೋಗಿ ಕಾಯಬೇಡಿ. ಕಾರ್ಯಾಗಾರವಾದರೆ ಮೊದಲೇ ಹೆಸರು ಕೊಡಬೇಕಾ, ಶುಲ್ಕ ಇದೆಯಾ ಅಂತ ನೋಡಿಕೊಳ್ಳಿ.

"ನಾವು ವಿದ್ಯಾರ್ಥಿಗಳಲ್ಲ, ಹೋಗಬಹುದಾ?" ಅಂತ ಕೆಲವರು ಕೇಳಿದ್ದೀರಿ. ಸಾರ್ವಜನಿಕ ಉಪನ್ಯಾಸ ಅಂತ ಹಾಕಿದ್ದರೆ ಖಂಡಿತ ಹೋಗಿ. 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ ಇದು. ಇಲ್ಲಿನ ಮೇಷ್ಟ್ರುಗಳೇ ಒಂದು ಕಾಲಕ್ಕೆ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಆಮೇಲೆ ಪುಟ್ಟ ಪುಸ್ತಕಗಳಾದವು. ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದೊಂದು ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಹಾಳೆ ಹಳದಿಯಾಗಿದೆ, ಅಂಚಿನಲ್ಲಿ ಅಜ್ಜ ಪೆನ್ಸಿಲ್ಲಿನಲ್ಲಿ ಎಳೆದ ಗೆರೆ ಇನ್ನೂ ಕಾಣುತ್ತದೆ. ಓದು ಜನರ ಹತ್ತಿರ ಹೋಗಲಿ ಅಂತಲೇ ಮಾಡಿದ ಕೆಲಸ ಅದು, ಅಲ್ವಾ? ಹಾಗಿರುವಾಗ ಸಂಕೋಚ ಯಾಕೆ?

ಮುಂದಿನ ಸಾಲು ಖಾಲಿ ಬಿಡಬೇಡಿ. ಮಾತಾಡುವವರಿಗೆ ಎದುರಿಗೆ ಮುಖಗಳು ಕಾಣಬೇಕು. ಪ್ರಶ್ನೆ ಚಿಕ್ಕದಾಗಿರಲಿ, ಬೇರೆಯವರಿಗೂ ಸಮಯ ಸಿಗುತ್ತದೆ. ಗಾಡಿ ಇರುವವರು ಹಿಂದಿನ ಸೀಟು ಖಾಲಿ ಇದ್ದರೆ ಇಲ್ಲೇ ತಿಳಿಸಿ. ಕುಕ್ಕರಹಳ್ಳಿ ಕೆರೆ ಕಡೆಯಿಂದ ನಡೆದು ಬರುವ ಹಿರಿಯರಿಗೆ ಅನುಕೂಲವಾಗುತ್ತದೆ.