ಏಳು ದೇಶ ಬೇಡ ಮಾರಾಯ

ಪ್ರೀತಿಯ ರಘು,

ನೀನು ಕಳಿಸಿದ ಟೂರ್ ಪ್ಯಾಕೇಜ್ ನೋಡಿದೆ. ಹತ್ತು ದಿನಕ್ಕೆ ಏಳು ದೇಶ! ಮದುವೆಯಾಗಿ ಹದಿನೈದು ವರ್ಷವಾಯಿತು ಅಂತ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದೀಯೋ, ಎಲೆಕ್ಷನ್ ಪ್ರಚಾರಕ್ಕೆ ಹೊರಟಿದ್ದೀಯೋ? ಸುಜಾತಾ ಅವರಿಗೆ ಕಾಡು ಬೇಕು, ನಡೆಯಬೇಕು. ನಿನಗೆ ಹಳೇ ಊರು, ಕಲ್ಲು ಹಾಸಿದ ಬೀದಿ, ಕಾಫಿ ಹೀರುತ್ತಾ ಕೂರೋಕೆ ಒಂದು ಜಾಗ. ಬಸ್ಸಿನ ಕಿಟಕಿಯಲ್ಲಿ ಇವೆರಡೂ ಸಿಗುವುದಿಲ್ಲ.

ಒಂದೇ ದೇಶಕ್ಕೆ ಹೋಗು. ಸ್ಲೊವೇನಿಯಾಕ್ಕೆ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾ ಸುತ್ತ ನಿಂತಿವೆ, ನಡುವೆ ಈ ಪುಟ್ಟ ದೇಶ. ಕೊಡಗಿನಂಥ ಐದು ಜಿಲ್ಲೆ ಸೇರಿಸಿದರೆ ಅಷ್ಟು ದೊಡ್ಡದು, ಜನ ಸುಮಾರು 21 ಲಕ್ಷ. ಹೋದ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಹನ್ನೊಂದು ರಾತ್ರಿ ಅಲ್ಲಿದ್ದೆವು. ಲ್ಯುಬ್ಲಿಯಾನಾದಲ್ಲಿ ಮೂರು, ಬೋಹಿನ್‌ನಲ್ಲಿ ನಾಲ್ಕು, ಕೊಬಾರಿಡ್‌ನಲ್ಲಿ ಎರಡು, ಪಿರಾನ್‌ನಲ್ಲಿ ಎರಡು. ಸೂಟ್‌ಕೇಸ್ ಜಾಸ್ತಿ ಬಿಚ್ಚಿ ಕಟ್ಟುವ ಕೆಲಸವೇ ಇಲ್ಲ.

ಬೆಂಗಳೂರಿಂದ ಅಲ್ಲಿಗೆ ನೇರ ವಿಮಾನವಿಲ್ಲ. ನಾವು ವಿಯೆನ್ನಾದಲ್ಲಿ ಇಳಿದು ರೈಲು ಹತ್ತಿದೆವು. ಸುಮಾರು ಆರು ಗಂಟೆಯ ದಾರಿ. ನಡುವೆ ಸೆಮ್ಮರಿಂಗ್ ಘಾಟಿ ಬರುತ್ತದೆ. 1854ರಲ್ಲಿ ಶುರುವಾದ ಹಳಿ, ಕಲ್ಲಿನ ಕಮಾನು ಸೇತುವೆಗಳ ಮೇಲೆ ಸುತ್ತಿ ಸುತ್ತಿ ಹೋಗುತ್ತದೆ. ಅಲ್ಲಿ ಮಾತ್ರ ನಿದ್ದೆ ಮಾಡಬೇಡ.

ಲ್ಯುಬ್ಲಿಯಾನಾ ರಾಜಧಾನಿ, ಆದರೆ ರಾಜಧಾನಿಯ ಜಂಬವಿಲ್ಲ. ಹಳೇ ಪೇಟೆಯೊಳಗೆ ಕಾರು ಬಿಡುವುದಿಲ್ಲ. ನದಿ ದಂಡೆಯಲ್ಲಿ ಸುಮ್ನೆ ಅಡ್ಡಾಡು. 1901ರ ಡ್ರ್ಯಾಗನ್ ಸೇತುವೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀನೂ ತೆಗೆಸಿಕೋ. ಆದರೆ ಒಂದು ದಿನ ಶ್ಕೋಫ್ಯಾ ಲೋಕಾಕ್ಕೆ ಮೀಸಲಿಡು. ಅರ್ಧ ಗಂಟೆ ದೂರದ ಹಳೇ ಊರು. ಹದಿನಾಲ್ಕನೇ ಶತಮಾನದ ಒಂದೇ ಕಮಾನಿನ ಕಲ್ಲಿನ ಸೇತುವೆ ಇದೆ. ಕಟ್ಟಿಸಿದ ಬಿಷಪ್ ಅದೇ ಸೇತುವೆಯಿಂದ ಕುದುರೆ ಸಮೇತ ನದಿಗೆ ಬಿದ್ದು ಸತ್ತನಂತೆ. ಆಗ ಕಟಕಟೆ ಇರಲಿಲ್ಲವಂತೆ. ನಾನು ಕಂಬಿ ಹಿಡಿದುಕೊಂಡೇ ಕೆಳಗೆ ಬಗ್ಗಿ ನೋಡಿದೆ.

ಈಗ ಬೋಹಿನ್. ಇದನ್ನು ಬಿಟ್ಟರೆ ನಾನು ನಿನ್ನ ಹತ್ತಿರ ಮಾತಾಡುವುದಿಲ್ಲ. ಸುತ್ತಲೂ ಆಲ್ಪ್ಸ್, ನಡುವೆ ಕೆರೆ, ದಡದಲ್ಲಿ ಒಂದು ಹಳೇ ಚರ್ಚು. ಬೆಳಗ್ಗೆ ಏಳಕ್ಕೆ ಹೋದರೆ ನೀರಿನ ಮೇಲೆ ಮಂಜು ಹಾಸಿರುತ್ತದೆ, ಎದುರು ದಡ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಲ ದಿನವೇ ಕೆರೆಯ ಸುತ್ತ ನಡೆಯೋಣ ಅಂದಳು ಇವಳು. ಸುಮಾರು 12 ಕಿಲೋಮೀಟರ್. ನಾನು ಅಂಗಡಿಯಿಂದ ತಂದ ಹೊಸ ಶೂ ಹಾಕಿಕೊಂಡು ಹೊರಟೆ. ಎಂಟನೇ ಕಿಲೋಮೀಟರಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಉಳಿದ ದಾರಿ ಶೂ ಕೈಯಲ್ಲಿ ಹಿಡಿದು ಸಾಕ್ಸಿನಲ್ಲಿ ನಡೆದೆ. ಎದುರಿಗೆ ಬಂದ ಮಕ್ಕಳೂ ನಗುತ್ತಿದ್ದರು. ರೂಮಿನ ಯಜಮಾನಿಗೆ ಅರ್ಥವಾಗಿದ್ದು ನನ್ನ ಇಂಗ್ಲಿಷ್ ಅಲ್ಲ, ನನ್ನ ನಡಿಗೆ. ತಕ್ಷಣ ಒಂದು ಬೋಗುಣಿ ತುಂಬ ಬಿಸಿ ನೀರು ತಂದು, ಒಂದು ಹಿಡಿ ಉಪ್ಪು ಹಾಕಿ, ಕಾಲು ಇಳಿಬಿಡು ಅಂತ ಕೈ ತೋರಿಸಿದಳು. ನಮ್ಮಜ್ಜಿಯೂ ಅದನ್ನೇ ಮಾಡುತ್ತಿದ್ದರು.

ಸವಿತ್ಸಾ ಜಲಪಾತಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಎತ್ತರ 78 ಮೀಟರ್. ಜೋಗದ ಪಕ್ಕದ ಸಾಗರ ಊರಿನವನಿಗೆ ಅದೇನು ಮಹಾ ಅಂತ ನೀನು ಮೂಗು ಮುರಿಯುತ್ತೀಯ, ಗೊತ್ತು. ಮೂಗು ಮುರಿಯುತ್ತಲೇ ಹತ್ತು. ಬ್ಲೆಡ್‌ಗೆ ಅಲ್ಲಿಂದಲೇ ಬಸ್ಸಿನಲ್ಲಿ ಹೋಗಿ ಬಾ, ಉಳಿದುಕೊಳ್ಳಬೇಡ, ಜನಜಾತ್ರೆ. ಅಲ್ಲಿಯ ಕೆರೆಯ ನಡುವಿನ ದ್ವೀಪಕ್ಕೆ ದೋಣಿಯಲ್ಲಿ ಹೋದರೆ ಚರ್ಚಿಗೆ 99 ಮೆಟ್ಟಿಲು. ಅಲ್ಲಿ ಮದುವೆಯಾಗುವ ಗಂಡು ಹೆಣ್ಣನ್ನು ಎತ್ತಿಕೊಂಡು ಅಷ್ಟೂ ಮೆಟ್ಟಿಲು ಹತ್ತಬೇಕು, ಅಲ್ಲಿಯವರೆಗೂ ಹೆಣ್ಣು ಮಾತಾಡಬಾರದು ಅಂತ ಪದ್ಧತಿ. ನಿನ್ನ ಸೊಂಟದ ಯೋಗ್ಯತೆ ಗೊತ್ತಿದ್ದೇ ಹೇಳುತ್ತಿದ್ದೇನೆ: ಬೇಡ.

ಬೋಹಿನ್ ಬಿಟ್ಟು ಹೋಗುವಾಗ ರೈಲೇ ಹಿಡಿ. 1906ರಲ್ಲಿ ತೆರೆದ ದಾರಿ, ಬೆಟ್ಟದ ಹೊಟ್ಟೆಯೊಳಗೆ ಆರು ಕಿಲೋಮೀಟರಿಗೂ ಉದ್ದದ ಸುರಂಗ. ಆಚೆ ಬಂದರೆ ಸೋಚಾ ನದಿಯ ಸೀಮೆ. ಆ ನೀರಿನ ಹಸಿರನ್ನು ಫೋಟೋದಲ್ಲಿ ನೋಡಿದಾಗ ಬಣ್ಣ ಬಳಿದಿದ್ದಾರೆ ಅಂದುಕೊಂಡಿದ್ದೆ. ಅಲ್ಲ, ಹಾಗೇ ಇದೆ. ಅದೇ ನದಿಯ ದಂಡೆಯಲ್ಲಿ ಮೊದಲ ಮಹಾಯುದ್ಧದಲ್ಲಿ ಇಟಲಿಯವರೂ ಆಸ್ಟ್ರಿಯಾದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದಾಡಿದರು. 1917ರ ಅಕ್ಟೋಬರಿನಲ್ಲಿ ಇದೇ ದಂಡೆಯ ಕೊಬಾರಿಡ್‌ನಲ್ಲಿ ಇಟಲಿಯ ಸೇನೆ ಕುಸಿದುಬಿತ್ತು. ಕೊಝ್ಯಾಕ್ ಜಲಪಾತಕ್ಕೆ ನಡೆಯುವ ದಾರಿಯ ಸುತ್ತಮುತ್ತ ಅವರು ತೋಡಿದ ಕಂದಕಗಳು ಇನ್ನೂ ಇವೆ. ನಿಮ್ಮಿಬ್ಬರ ಜಗಳ ಇಲ್ಲಿ ತಾನಾಗಿಯೇ ಬಗೆಹರಿಯುತ್ತದೆ, ಕಾಡೂ ಚರಿತ್ರೆಯೂ ಒಂದೇ ಕಾಲುದಾರಿ.

ಪಿರಾನ್ ಸಮುದ್ರದ ಊರು, ವೆನಿಸ್ಸಿನವರು ಆಳಿದ್ದು. ಅಲ್ಲಿ ಏನೂ ಮಾಡಬೇಡ. ಕೂತಿರು.

ಊಟಕ್ಕೆ ಶ್ತ್ರುಕ್ಲಿ ಕೇಳಿ, ಹಿಟ್ಟಿನ ಸುರುಳಿಯೊಳಗೆ ಚೀಸ್ ಇಟ್ಟು ಬೇಯಿಸಿರುತ್ತಾರೆ. ಮೊಟ್ಟೆ ಹಾಕಿದ್ದಾರಾ ಅಂತ ಮೊದಲೇ ವಿಚಾರಿಸಿ. ಉಪ್ಪಿನಕಾಯಿ ನಮ್ಮ ಕಡೆಯಿಂದಲೇ ಹೋಗಲಿ.

ವೀಸಾ ವಿಷಯ ನಿಧಾನ ಮಾಡಬೇಡ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಇಳಿಯುವುದು ವಿಯೆನ್ನಾದಲ್ಲಾದರೂ ಜಾಸ್ತಿ ದಿನ ಇರುವುದು ಸ್ಲೊವೇನಿಯಾದಲ್ಲಿ, ಆದ್ದರಿಂದ ಅರ್ಜಿ ಸ್ಲೊವೇನಿಯಾಕ್ಕೇ. ಇನ್ಶೂರೆನ್ಸ್ ಕನಿಷ್ಠ 30,000 ಯುರೋದ್ದು ಬೇಕು. ನನಗೆ ಮಾಡಿಸಿಕೊಟ್ಟ ಏಜೆಂಟ್ ವಾಪಸ್ ಹೊರಡುವ ದಿನವನ್ನೇ ಬಿಟ್ಟಿದ್ದ. ಕೌಂಟರಿನಲ್ಲಿ ಸಿಕ್ಕಿಬಿದ್ದು, ಹೊಸದು ಮಾಡಿಸಿ ಇನ್ನೊಂದು ಸಲ ಹೋಗಬೇಕಾಯಿತು. ತಾರೀಖು ನೀನೇ ಬೆರಳಿಟ್ಟು ಎಣಿಸು.

ಶೂ ಮಾತ್ರ ಈ ವಾರವೇ ತಗೋ. ಮೈಸೂರಲ್ಲೇ ಇದ್ದೀಯಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲು ನಾಲ್ಕು ಭಾನುವಾರ ಹತ್ತಿ ಇಳಿದರೆ ಪಳಗುತ್ತದೆ.

ಈ ಕಾಗದ ಮೊದಲು ಸುಜಾತಾ ಅವರಿಗೆ ತೋರಿಸು. ನೀನು ತೋರಿಸದಿದ್ದರೆ ಇವಳೇ ಫೋನ್ ಮಾಡಿ ಓದಿ ಹೇಳುತ್ತಾಳಂತೆ.

ನಿನ್ನ,
ಶ್ರೀಧರ